ಬೆಳಕಿಂಡಿಗೆ ತುರುಕಿದ ಉಣ್ಣೆ

ನಮ್ಮ ಅತ್ತೆಗೆ ಉಬ್ಬಸ ಬಂದಾಗ ಇಡೀ ಊರೇ ಡಾಕ್ಟರಾಯಿತು. ಒಬ್ಬರು ಶೀತ ಎಂದರು, ಒಬ್ಬರು ಪಿತ್ತ ಎಂದರು, ಹಿಂದಿನ ಬೀದಿಯ ಒಬ್ಬ ಮುದುಕಿ ಯಾರದೋ ಕಣ್ಣು ಬಿದ್ದಿದೆ ಎಂದಳು. ಒಂದು ಮಾತಿಗೆ ಮಾತ್ರ ಎಲ್ಲರೂ ತಲೆಯಾಡಿಸಿದರು: ಗಾಳಿ ತಾಗಬಾರದು. ಆ ಮಾತನ್ನು ನನ್ನಷ್ಟು ನಿಷ್ಠೆಯಿಂದ ನಡೆಸಿದವರು ಆ ಊರಲ್ಲಿ ಇನ್ನೊಬ್ಬರಿಲ್ಲ. ಹೇಗೆ ನಡೆಸಿದೆ ಎಂದು ಹೇಳುವುದಕ್ಕೇ ಇಷ್ಟು ವರ್ಷದ ಮೇಲೆ ಕೂತು ಬರೆಯುತ್ತಿದ್ದೇನೆ.

ಶಿರಾ ತಾಲ್ಲೂಕು ತಾವರೆಕೆರೆ ಕಡೆಯ ಒಂದು ಹಳ್ಳಿ ನಮ್ಮದು. ಮನೆಮನೆಯಲ್ಲೂ ಕಂಬಳಿ ಮಗ್ಗ. ನಾನು ಅಲ್ಲಿಗೆ ಸೊಸೆಯಾಗಿ ಬಂದದ್ದು ಪಾವಗಡದಿಂದ. ಅಪ್ಪ ಒಂದು ಸ್ಕೂಲಿನಲ್ಲಿ ಗಂಟೆ ಹೊಡೆಯುವ ಜವಾನನಾಗಿದ್ದರಿಂದ ನನಗೆ ನಾಲ್ಕನೇ ಕ್ಲಾಸಿನವರೆಗೆ ಓದಲು ಸಿಕ್ಕಿತು. ಓದು ಬರುತ್ತದೆ ಎಂಬ ಜಂಬ, ಸಿಟ್ಟು ಬಂದರೆ ತೆಲುಗಿಗೆ ಜಾರುವ ನಾಲಿಗೆ, ಇವೆರಡೂ ನನ್ನ ಜೊತೆಗೇ ಬಂದವು. ಅತ್ತೆಗೆ ಎರಡೂ ಹಿಡಿಸಲಿಲ್ಲ. "ಸಂತೇಲಿ ಸಿಕ್ದೋಳಂಗೆ ಮಾತಾಡ್ತಾಳೆ" ಎನ್ನುತ್ತಿದ್ದರು. ನಾನು ಕೇಳಿಸಿಕೊಂಡೂ ಕೇಳದವಳ ಹಾಗೆ ರಾಟೆ ತಿರುಗಿಸುತ್ತಿದ್ದೆ.

ಅವರನ್ನು ನಾನು ಪ್ರೀತಿಸುತ್ತಿದ್ದೆ ಎಂದರೆ ಸುಳ್ಳಾಗುತ್ತದೆ. ಹೆದರುತ್ತಿದ್ದೆ, ಮೆಚ್ಚುತ್ತಿದ್ದೆ. ನಮ್ಮ ಕಡೆ ಉಣ್ಣೆ ಹಿಂಜುವುದು ಗಂಡಸರ ಕೆಲಸ. ಸೂರಿನ ತೊಲೆಗೆ ಹಗ್ಗದಲ್ಲಿ ಆಳುದ್ದದ ಬಿಲ್ಲನ್ನು ಇಳಿಬಿಟ್ಟು, ಅದಕ್ಕೆ ಬಿಗಿದ ನರದ ಹುರಿಯನ್ನು ಮರದ ಗುಂಡಿನಿಂದ ಮೀಟುತ್ತಾ ಉಣ್ಣೆಯ ಗಂಟನ್ನು ಎಳೆ ಎಳೆಯಾಗಿ ಬಿಡಿಸಬೇಕು. ಮಾವ ಸತ್ತಾಗ ನಮ್ಮ ಯಜಮಾನರಿಗೆ ಇನ್ನೂ ಮೀಸೆ ಬಂದಿರಲಿಲ್ಲವಂತೆ. ಅತ್ತೆ ಹನ್ನೊಂದನೇ ದಿನ ಕಳೆದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಗಂಡನ ಬಿಲ್ಲಿನ ಮುಂದೆ ಕೂತರಂತೆ. ಊರು ನಕ್ಕಿತಂತೆ. ಆಮೇಲೆ ಅದೇ ಊರು ಅವರಷ್ಟು ಹದವಾಗಿ ಹಿಂಜುವ ಗಂಡಸು ಇಲ್ಲ ಎಂದಿತು. ನಾನು ಬರುವ ಹೊತ್ತಿಗೆ ಇಪ್ಪತ್ತು ವರ್ಷದಿಂದ ಆ ಬಿಲ್ಲು ಅವರ ಕೈಯಲ್ಲೇ ಇತ್ತು. ಯಜಮಾನರು ನೇಯುತ್ತಿದ್ದರು, ನಾನು ನೂಲುತ್ತಿದ್ದೆ, ಬಿಲ್ಲಿನ ಹತ್ತಿರ ಮಾತ್ರ ಯಾರೂ ಸುಳಿಯುವಂತಿರಲಿಲ್ಲ.

ಹಿಂಜುವ ಕೋಣೆಯ ವಿಷಯ ಹೇಳಬೇಕು. ಬಿಡಿಸಿದ ಉಣ್ಣೆ ಹಗುರ, ಸಣ್ಣ ಗಾಳಿ ಬಂದರೂ ಮನೆಯೆಲ್ಲಾ ಹಾರುತ್ತದೆ. ಆದ್ದರಿಂದ ನಮ್ಮೂರಲ್ಲಿ ಕದ ಮುಚ್ಚಿಕೊಂಡೇ ಹಿಂಜುತ್ತಿದ್ದರು. ನಮ್ಮ ಕೋಣೆಯಲ್ಲಿ ಇದ್ದದ್ದು ಒಂದು ಕದ, ಗೋಡೆಯ ಮೇಲ್ಗಡೆ ಅಂಗೈಯೆರಡರಷ್ಟು ಒಂದು ಬೆಳಕಿಂಡಿ. ಕುರಿಯ ಮೈಯಿಂದ ಕತ್ತರಿಸಿ ತಂದ ಉಣ್ಣೆಯಲ್ಲಿ ಮಣ್ಣು, ಒಣಗಿದ ಹಿಕ್ಕೆ, ಮುಳ್ಳಿನ ಚೂರು ಎಲ್ಲವೂ ಇರುತ್ತಿತ್ತು. ಬಿಲ್ಲು ಟೊಂಯ್ ಎಂದ ಹಾಗೆಲ್ಲಾ ಅದು ಪುಡಿಯಾಗಿ ಏಳುತ್ತಿತ್ತು. ಮಧ್ಯಾಹ್ನ ಊಟಕ್ಕೆ ಹೊರಗೆ ಬರುವಾಗ ಅತ್ತೆಯ ರೆಪ್ಪೆ, ಹುಬ್ಬು, ತುಟಿಯ ಮೇಲಿನ ಸಣ್ಣ ರೋಮ ಎಲ್ಲಾ ಬೂದು ಬಣ್ಣವಾಗಿರುತ್ತಿದ್ದವು. ಬಾಯಿ ಮುಕ್ಕಳಿಸಿ ಉಗಿದರೆ ಕರಿಯ ನೀರು. ಅದನ್ನು ನಾವು ರೋಗ ಎನ್ನುತ್ತಿರಲಿಲ್ಲ. ಅದು ಕೆಲಸ ಮಾಡಿದ ಗುರುತು.

ಉಬ್ಬಸ ಶುರುವಾದದ್ದು ಎರಡನೇ ದೊಡ್ಡ ಯುದ್ಧದ ಕಾಲದಲ್ಲಿ. ಸಿಪಾಯಿಗಳ ಪಟಾಲಮ್ಮಿಗೆ ಕಂಬಳಿ ಬೇಕೆಂದು ಕಚೇರಿಯವರು ಊರೂರಿಗೂ ಹೇಳಿಕಳಿಸುತ್ತಿದ್ದರು. ಯಾವ ದೇಶದಲ್ಲಿ ಯಾರು ಹೊದೆಯುತ್ತಿದ್ದರೋ, ನಮ್ಮ ಮಗ್ಗಗಳಿಗೆ ಬಿಡುವೇ ಇರಲಿಲ್ಲ. ಅತ್ತೆ ಮೊದಲೆಲ್ಲ ಬೆಳಗಿನ ಹೊತ್ತು ಮಾತ್ರ ಹಿಂಜುತ್ತಿದ್ದವರು ದಿನವಿಡೀ ಕೂರತೊಡಗಿದರು. ಮೊದಮೊದಲು ಬಾವಿಯಿಂದ ಬಿಂದಿಗೆ ಹೊತ್ತು ಬರುವಾಗ ನಡುದಾರಿಯಲ್ಲಿ ನಿಂತು ಯಾರೊಂದಿಗೋ ಮಾತಿಗಿಳಿಯುತ್ತಿದ್ದರು. ಅದು ಮಾತಿನ ಆಸೆಯಲ್ಲ, ಉಸಿರಿಗಾಗಿ ನಿಲ್ಲುತ್ತಿದ್ದರು ಎಂದು ನನಗೆ ಗೊತ್ತಾಗಲು ಒಂದು ಬೇಸಿಗೆ ಬೇಕಾಯಿತು. ಆಮೇಲೆ ಮೆಟ್ಟಿಲೇರಿದರೂ ಏದುಸಿರು. ಆಮೇಲೆ ಸುಮ್ಮನೆ ಕೂತಿದ್ದರೂ ಎದೆಯೊಳಗೆ ಗೊರಗೊರ ಸದ್ದು. ಬಾಯಿ ತೆರೆದು, ಎರಡೂ ಕೈ ಮಂಡಿಯ ಮೇಲೆ ಊರಿ, ಕತ್ತಿನ ನರ ಉಬ್ಬಿಸಿ ಗಾಳಿ ಎಳೆಯುತ್ತಿದ್ದರು.

ಯಜಮಾನರು ಅವರನ್ನು ಶಿರಾದ ಹಕೀಮರ ಹತ್ತಿರ ಕರೆದುಕೊಂಡು ಹೋದರು. ಹಕೀಮರು ಒಳ್ಳೆಯ ಮನುಷ್ಯ, ನಾಡಿ ಹಿಡಿದು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದು, "ಹವಾ ಬಿಲ್ಕುಲ್ ತಾಗಬಾರ್ದು ಅಮ್ಮಾ. ಥಂಡಿ ಹವಾ ನಿಮಗೆ ಜಹರ್, ವಿಷ" ಎಂದು ಒಂದು ಡಬ್ಬಿ ಲೇಹ್ಯ ಕೊಟ್ಟರಂತೆ. ಊರವರು ಉಮ್ಮತ್ತಿ ಎಲೆಯ ಹೊಗೆ ಕುಡಿಸಿದರು, ಎಕ್ಕದ ಎಲೆ ಕಾಯಿಸಿ ಎದೆಗೆ ಕಟ್ಟಿದರು. ಗಾಳಿಯಿಂದ ದೂರ ಇಡುವ ಕೆಲಸ ನನ್ನ ಪಾಲಿಗೆ ಬಂತು.

ಮನೆಯಲ್ಲಿ ಎಲ್ಲಕ್ಕಿಂತ ಬೆಚ್ಚಗಿನ ಜಾಗ ಯಾವುದು? ಹಿಂಜುವ ಕೋಣೆ. ಸುತ್ತ ಉಣ್ಣೆಯ ರಾಶಿ, ಮುಚ್ಚಿದ ಕದ. ಅಲ್ಲೇ ಅವರ ಹಾಸಿಗೆ ಹಾಕಿದೆ. ಹೊಸ ಕಂಬಳಿ ಎರಡು ಹೊದಿಸಿದೆ. ಬೆಳಕಿಂಡಿಯಿಂದ ಗಾಳಿ ಬರುತ್ತದೆಂದು ಒಂದು ಹಿಡಿ ಕರಿ ಉಣ್ಣೆಯನ್ನು ಉಂಡೆ ಮಾಡಿ ಅದಕ್ಕೆ ತುರುಕಿದೆ. ಕೈಗೆ ಎಟುಕದೆ ಅದರ ಕೆಳಗಿದ್ದ ಒರಳಿನ ಮೇಲೆ ಹತ್ತಿ ನಿಂತು, ಒನಕೆಯ ತುದಿಯಿಂದ ಒತ್ತಿ ಒತ್ತಿ ತುರುಕಿದೆ. ಇಳಿದು ಬಂದು ಕೈ ಝಾಡಿಸಿಕೊಂಡಾಗ ಎಂಥ ಜಾಣೆ ನಾನು ಅನ್ನಿಸಿತು.

ಅತ್ತೆ ನಿಲ್ಲಲಿಲ್ಲ. ಬೆಳಗಾಗುವುದೇ ತಡ, ಕಂಬಳಿ ಅಲ್ಲೇ ಬಿಟ್ಟು, ಗೋಡೆ ಹಿಡಿದುಕೊಂಡು ಹೊರಗೆ ಹೋಗಿ, ಕುರಿ ದೊಡ್ಡಿಯ ಪಕ್ಕದ ಚಪ್ಪಡಿ ಕಲ್ಲಿನ ಮೇಲೆ ಕೂರುತ್ತಿದ್ದರು. ಮುಖವನ್ನು ಗಾಳಿ ಬೀಸುವ ಕಡೆಗೆ ತಿರುಗಿಸಿಕೊಂಡು, ಕಣ್ಣು ಮುಚ್ಚಿಕೊಂಡು. ಅಲ್ಲಿ ಕೂತಾಗ ಸದ್ದು ಕಡಮೆಯಾಗುತ್ತಿತ್ತು. ನಾನು ನೋಡಿದ್ದೆ. ನೋಡಿದ್ದನ್ನು ನಂಬಲಿಲ್ಲ. ಯಾಕೆಂದರೆ ನನ್ನ ಕಿವಿಗೆ ಬೀಳುತ್ತಿದ್ದದ್ದು ಅವರ ಉಸಿರಿನ ಸದ್ದಲ್ಲ, ಬಾವಿಕಟ್ಟೆಯ ಮಾತು.

"ನೋಡಮ್ಮ, ಪಾವಗಡದೋಳು ಅತ್ತೇನ ಬಯಲಿಗೆ ಆಕವ್ಳೆ."

"ಚಳೀಲಿ ಮುದ್ಕಿ ಸಾಯ್ಲಿ ಅಂತ ಕಣಮ್ಮ. ಇನ್ಯಾಕೆ?"

ನನಗೆ ಮೈಯೆಲ್ಲಾ ಉರಿಯಿತು. ಬಿಂದಿಗೆ ಕುಕ್ಕಿ ಕಲ್ಲಿನ ಹತ್ತಿರ ಹೋಗಿ, "ಲೋಪಲಿಕಿ ರಾ ಅತ್ತಾ, ಒಳೀಕೆ ಬನ್ನಿ! ನನ್ ಮರ್ವಾದೆ ತೆಗೀಬೇಕು ಅಂತಲೇ ಇಲ್ಲಿ ಕೂತಿದೀರಾ?" ಎಂದು ಕೂಗಿದೆ.

ಅವರು ಕಣ್ಣು ತೆರೆಯಲಿಲ್ಲ. ಒಂದೊಂದೇ ಮಾತನ್ನು ಎಳೆದು ಹೇಳಿದರು. "ಒಳಗೆ... ಆಗಕಿಲ್ಲ ಕಣೆ. ಇಲ್ಲೇ... ವಸಿ ಬುಡು."

ಬಿಡಲಿಲ್ಲ. ರಟ್ಟೆ ಹಿಡಿದು ಎಬ್ಬಿಸಿ ಕರೆದುಕೊಂಡು ಬಂದೆ. ಬಾವಿಯ ಹೆಂಗಸರು ನೋಡುತ್ತಿದ್ದಾರೆಂದು ಮೆಲ್ಲಗೆ, ಬಹಳ ಅಕ್ಕರೆಯಿಂದ ನಡೆಸಿಕೊಂಡು ಬಂದೆ.

ದೇವರು ನನಗೆ ಒಂದು ಸಲ ಸರಿಯಾಗಿಯೇ ತೋರಿಸಿಕೊಟ್ಟ. ಆ ವರ್ಷ ರಾಗಿ ಕೊಯ್ಲಾದ ಮೇಲೆ ಅತ್ತೆಯ ತಮ್ಮ ಕುರಿ ಮಂದೆ ಹೊಡೆದುಕೊಂಡು ಕೊರಟಗೆರೆ ಕಡೆ ಹೊರಟ. ಅಲ್ಲಿನ ಹೊಲಗಳಲ್ಲಿ ಗೊಬ್ಬರಕ್ಕೆ ಮಂದೆ ಕೂರಿಸುವ ವಾಡಿಕೆ. ಅವನ ಹೆಂಡತಿ ಬಾಣಂತಿ, ಬೇಯಿಸಿ ಹಾಕುವವರಿಲ್ಲ. ಅತ್ತೆ ನಾನು ಬರುತ್ತೇನೆ ಎಂದರು. ಪುಷ್ಯ ಮಾಸದ ಚಳಿ, ಬಯಲಲ್ಲಿ ಮಲಗಬೇಕು, ಈ ಉಬ್ಬಸ. ಹೆಣವೇ ವಾಪಸ್ಸು ಬರುವುದು ಎಂದರು ಊರವರು. ಯಜಮಾನರು ಅತ್ತರು. ಅತ್ತೆ ಕೇಳಲಿಲ್ಲ.

ಎರಡು ತಿಂಗಳ ಮೇಲೆ ನಡೆದುಕೊಂಡೇ ಬಂದರು. ಕೆನ್ನೆ ತುಂಬಿಕೊಂಡಿತ್ತು. ತಲೆಯ ಮೇಲೆ ಒಂದು ಕುಕ್ಕೆ, ಕಂಕುಳಲ್ಲಿ ಒಂದು ಮರಿ. ಬಂದವರೇ ನನ್ನನ್ನು ಬೈದರು, ಮಧ್ಯೆ ಎಲ್ಲೂ ನಿಲ್ಲದೆ, ಒಂದೇ ಉಸಿರಿಗೆ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಅತ್ತೆಯ ತಮ್ಮ, ಬೆಟ್ಟದ ದೇವರಿಗೆ ಹೊತ್ತ ಹರಕೆಯ ಫಲ ಎಂದ. ಯಜಮಾನರು ಕುರಿ ಹಾಲು ಎಂದರು. ನಾನು ನಾಲ್ಕನೇ ಕ್ಲಾಸು ಓದಿದವಳು, ನೀರು ಬದಲಾದದ್ದು ಎಂದೆ. ಉಣ್ಣೆ ಹಿಂಜದೆ ಎರಡು ತಿಂಗಳಾಗಿತ್ತು ಎಂದು ಒಬ್ಬರ ಬಾಯಿಂದಲೂ ಬರಲಿಲ್ಲ. ಮಾರನೆಯ ದಿನವೇ ಅವರು ಬಿಲ್ಲಿನ ಮುಂದೆ ಕೂತರು. ಹದಿನೈದು ದಿನಕ್ಕೆ ಗೊರಗೊರ ಸದ್ದು ಬಂತು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರಿಗೆ ಮಲಗುವುದೂ ಕಷ್ಟವಾಯಿತು, ಕೂತೇ ತೂಕಡಿಸುತ್ತಿದ್ದರು. ಆದರೂ ಬಿಲ್ಲು ಬಿಡಲಿಲ್ಲ. "ಕೊಡಿ ಅತ್ತೆ, ಅವರು ಹಿಂಜ್ತಾರೆ" ಎಂದು ನಾನು ಕೈ ಚಾಚಿದ್ದಕ್ಕೆ, "ಮುಟ್ಟಿದ್ರೆ ಕೈ ಮುರೀತೀನಿ" ಎಂದು ಮರದ ಗುಂಡು ತೋರಿಸಿದರು. ಕೊನೆಗೆ ನಾನೂ ಯಜಮಾನರೂ ಅವರನ್ನು ಶಿರಾವರೆಗೆ ಗಾಡಿಯಲ್ಲಿ, ಅಲ್ಲಿಂದ ಮಧುಗಿರಿಗೆ, ಪೆಟ್ರೋಲ್ ಸಿಗದ ಆ ಕಾಲದಲ್ಲಿ ಇದ್ದಿಲು ಉರಿಸಿ ಓಡಿಸುತ್ತಿದ್ದ ಬಸ್ಸಿನಲ್ಲಿ ಕರೆದುಕೊಂಡು ಹೋದೆವು. ಏರು ಬಂದಲ್ಲೆಲ್ಲ ಬಸ್ಸು ನಿಂತು ಏದುತ್ತಿತ್ತು. "ಇದ್ಕೂ ನನ್ ರೋಗವೇ" ಎಂದರು ಅತ್ತೆ. ನಕ್ಕದ್ದೇ ತಪ್ಪಾಯಿತು, ಆಮೇಲೆ ಬಹಳ ಹೊತ್ತು ಉಸಿರು ಸಿಗಲಿಲ್ಲ.

ಆಸ್ಪತ್ರೆಯಲ್ಲಿ ಹೆಂಗಸರನ್ನು ನೋಡುವ ಕೋಣೆಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಯಜಮಾನರು ಹೊರಗೆ ಮರದ ಕೆಳಗೆ ಕೂತರು. ಒಳಗೆ ಇದ್ದದ್ದು ಡಾಕ್ಟರು, ಅತ್ತೆ, ನಾನು.

ಡಾಕ್ಟರು ನಡುವಯಸ್ಸಿನವರು, ಪೇಟ ತೆಗೆದು ಮೇಜಿನ ಮೇಲಿಟ್ಟಿದ್ದರು. ಅವಸರ ಮಾಡಲಿಲ್ಲ. ಅತ್ತೆಯ ಕಾಲಿನ ಮೂಳೆಯ ಮೇಲೆ ಹೆಬ್ಬೆರಳೊತ್ತಿ ನೋಡಿದರು. "ಹೃದಯ ಸೋತಿದ್ರೆ ಇಲ್ಲಿ ನೀರು ತುಂಬಿ ಗುಳಿ ಬೀಳುತ್ತೆ. ಬಿದ್ದಿಲ್ಲ" ಎಂದರು. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು. "ರಕ್ತ ಕಡಮೆಯಾದ್ರೂ ಏದುಸಿರು ಬರುತ್ತೆ. ಹೊಟ್ಟೇಲಿ ಕೊಕ್ಕೆಹುಳ ಇರೋರಿಗೆ ಹಾಗಾಗುತ್ತೆ. ಇವರಿಗೆ ರಕ್ತ ಇದೆ." ಸಂಜೆ ಹೊತ್ತು ಜ್ವರ ಬರುತ್ತದೆಯೇ, ಕಫದಲ್ಲಿ ರಕ್ತ ಕಂಡಿದ್ದೀರಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ಕ್ಷಯ ಇರಲಾರದು ಎಂದರು. ಬೆನ್ನಿನ ಮೇಲೆ ಬೆರಳಿಟ್ಟು ತಟ್ಟಿ, ಕಿವಿಗೆ ನಳಿಗೆ ಹಚ್ಚಿ, ಕಣ್ಣು ಮುಚ್ಚಿ ಕೇಳಿದರು. ಅತ್ತೆಯ ಮೈಯನ್ನು ಅಷ್ಟು ಗಮನವಿಟ್ಟು ಯಾರಾದರೂ ನೋಡಿದ್ದು ಅದೇ ಮೊದಲಿರಬೇಕು. ಅವರು ಮಗುವಿನ ಹಾಗೆ ಕೂತಿದ್ದರು.

ಆಮೇಲೆ ಡಾಕ್ಟರು ಪೆನ್ನು ತೆಗೆದುಕೊಂಡು, ಕಾಗದ ನೋಡುತ್ತಾ ಕೇಳಿದರು. "ಏದುಸಿರು ಅಂತ ಬರೋರಿಗೆಲ್ಲ ಒಂದೇ ಔಷಧಿ ಕೊಡಕ್ಕಾಗಲ್ಲಮ್ಮ. ಬರೀ ಗೂರಲು, ಅಂದ್ರೆ ಉಬ್ಬಸ, ಒಂದು ಥರ. ದಿನವೂ ಎದೆಯೊಳಗೆ ಏನಾದ್ರೂ ಹೋಗಿ ಕೂರ್ತಿದ್ರೆ ಅದು ಬೇರೆ. ಇವರು ಏನು ಕೆಲಸ ಮಾಡ್ತಾರೆ? ಧೂಳಿನದ್ದು, ಹೊಗೆಯದ್ದು, ಏನಾದ್ರೂ?"

ಆ ಕ್ಷಣ ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ: ಹೌದು ಎಂದರೆ, ಉಸಿರಾಡಲಾರದ ಮುದುಕಿಯಿಂದ ಸೊಸೆ ಕೆಲಸ ಮಾಡಿಸುತ್ತಾಳೆ ಎಂದುಕೊಳ್ಳುತ್ತಾರೆ. ಬಾವಿಕಟ್ಟೆಯ ಮಾತು ಮಧುಗಿರಿಯವರೆಗೂ ನನ್ನ ಹಿಂದೆಯೇ ಬಂದಿತ್ತು.

"ಏನೂ ಇಲ್ಲ ಸ್ವಾಮಿ" ಎಂದೆ. "ಒಂದು ಕೆಲಸ ಮಾಡಿಸಲ್ಲ. ಬೆಚ್ಚಗೆ ಕೂರ್ಸಿ ನೋಡ್ಕೋತಾ ಇದೀನಿ."

ನಾನು ಮಾಡಿಸುತ್ತಿರಲಿಲ್ಲ, ಅದು ನಿಜ. ಅವರು ಮಾಡುತ್ತಿದ್ದರು, ಅದೂ ನಿಜ. ಅತ್ತೆ ನನ್ನ ಕಡೆ ತಿರುಗಿದರು. ಬಾಯಿ ತೆರೆದರು, ಮಾತಿಗೆ ಸಾಕಾಗುವಷ್ಟು ಉಸಿರು ಬರಲಿಲ್ಲ. ಬಲಗೈ ಮೇಲೆತ್ತಿ, ಬೆರಳು ಮಡಚಿ, ಗಾಳಿಯಲ್ಲಿ ಬಿಲ್ಲಿನ ನರ ಮೀಟುವ ಹಾಗೆ ಒಂದು ಸಲ, ಎರಡು ಸಲ ಆಡಿಸಿದರು. ಡಾಕ್ಟರು ಬರೆಯುತ್ತಿದ್ದರು. ನಾನು ಆ ಕೈಯನ್ನು ಹಿಡಿದು, ಸೆರಗು ಸರಿಮಾಡುವವಳ ಹಾಗೆ, ಅವರ ತೊಡೆಯ ಮೇಲೆ ಇಳಿಸಿ ಒತ್ತಿ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

"ಹಾಗಾದ್ರೆ ಗೂರಲೇ" ಎಂದರು ಡಾಕ್ಟರು. ಒಂದು ಬಾಟಲಿ ಔಷಧಿ ಬರೆದರು. "ಗಾಳಿಯಾಡೋ ಜಾಗದಲ್ಲಿ ಮಲಗಿಸಿ. ಮುಚ್ಚಿದ ಕೋಣೆ ಬೇಡ" ಎಂದರು. ನಾನು ತಲೆಯಾಡಿಸಿದೆ. ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಜೋಪಾನವಾಗಿ ಮನೆಗೆ ತಂದೆ, ಆ ಮಾತನ್ನು ಆಸ್ಪತ್ರೆಯ ಮೆಟ್ಟಿಲ ಮೇಲೇ ಬಿಟ್ಟು ಬಂದೆ. ಯಜಮಾನರು ಏನೆಂದರು ಎಂದು ಕೇಳಿದಾಗ, "ಗೂರಲಂತೆ, ಔಷಧಿ ಕೊಟ್ಟಿದಾರೆ" ಎಂದೆ. ಬೆಳಕಿಂಡಿ ತೆರೆದರೆ ಊರು ಏನೆನ್ನುತ್ತದೆ ಎಂದು ನನಗೆ ಗೊತ್ತಿತ್ತು, ಡಾಕ್ಟರಿಗೆ ಏನು ಗೊತ್ತು?

ಅತ್ತೆ ಆ ದಿನದ ವಿಷಯ ಎತ್ತಲೇ ಇಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮೂರನೆಯ ದಿನ ಔಷಧಿ ಕುಡಿದು, "ಆ ಡಾಕ್ಟ್ರಪ್ಪ ಒಳ್ಳೇವ್ನು ಕಣೆ. ನನ್ ಕಾಲು ಒತ್ತಿ ನೋಡ್ದ" ಎಂದರು, ಅಷ್ಟೆ. ಒಂದು ವಾರ ಹಗುರವಾದಂತೆ ಕಂಡಿತು, ಬಿಲ್ಲಿನ ಮುಂದೆ ಇನ್ನೂ ಹೆಚ್ಚು ಹೊತ್ತು ಕೂತರು. ದೀಪಾವಳಿ ಕಳೆಯುವಷ್ಟರಲ್ಲಿ ಗುಂಡು ಎತ್ತುವ ಶಕ್ತಿಯೂ ಹೋಯಿತು. ಬಿಲ್ಲು ಯಜಮಾನರ ಕೈಗೆ ಬಂತು. ಅವರು ಹಾಸಿಗೆಯಲ್ಲಿ ಒರಗಿಕೊಂಡಿರುತ್ತಿದ್ದರು, ಮಗ ಅದೇ ಕೋಣೆಯಲ್ಲಿ, ಅವರ ಕಾಲ ದೆಸೆಯಲ್ಲಿ ಕೂತು ಹಿಂಜುತ್ತಿದ್ದ. ಅವ್ವನ ಜೊತೆಗಾಯಿತು ಎಂದುಕೊಂಡಿದ್ದ ಪಾಪ.

ಪುಷ್ಯ ಮಾಸ ಬಂತು. ಅತ್ತೆ ಹೊರಗೆ ಹೋಗಲು ತೆವಳುತ್ತಿದ್ದರು. ಒಂದು ದಿನ ಬೆಳಗ್ಗೆ ಯಜಮಾನರು ಕಂಬಳಿ ಹೊತ್ತು ಶಿರಾಕ್ಕೆ ಹೋಗಿದ್ದರು. ಬಾವಿಗೆ ಹೋಗುವ ಮುಂಚೆ, ನಾನಿಲ್ಲದಾಗ ಹೊಸ್ತಿಲು ದಾಟಿ ಬಿದ್ದುಗಿದ್ದಾರು ಎಂದು ಕೋಣೆಯ ಹೊರಗಿನ ಚಿಲಕ ಹಾಕಿದೆ. ಎರಡು ಸಲ ನೀರು ತರುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಲ್ಲ. ವಾಪಸ್ಸು ಬಂದು ಚಿಲಕ ತೆಗೆದಾಗ ಹಾಸಿಗೆ ಖಾಲಿ. ಒರಳನ್ನು ಹತ್ತಲು ಹೋಗಿ, ಅದರ ಮೇಲೆ ಮಂಡಿಯೂರಿ, ಗೋಡೆಗೆ ಒರಗಿದಂತೆಯೇ ಪ್ರಾಣ ಬಿಟ್ಟಿದ್ದರು. ಒಂದು ಕೈ ಬೆಳಕಿಂಡಿಯ ಕೆಳಗೆ ಚಾಚಿಕೊಂಡಿತ್ತು. ತಲುಪಿರಲಿಲ್ಲ. ಒಂದು ಗೇಣು ಬಾಕಿಯಿತ್ತು. ಗೋಡೆಯ ಸಗಣಿ ಸಾರಣೆಯಲ್ಲಿ ಅವರ ಉಗುರಿನ ಗೀರು ಇತ್ತು.

ಊರೆಲ್ಲ ಸೇರಿತು. ಹನ್ನೊಂದನೇ ದಿನ ಊಟವಾದ ಮೇಲೆ ಬಾವಿಕಟ್ಟೆಯ ಅದೇ ಹೆಂಗಸರು ಎಲೆ ಅಡಿಕೆ ಹಾಕಿಕೊಳ್ಳುತ್ತಾ, "ಇಂಥ ಸೊಸೆ ಯಾರಿಗ್ ಸಿಕ್ತಾಳೆ ಯೋಳಮ್ಮ. ಕೊನೇಗಂಟ ಒಂದೆಳೆ ಗಾಳಿ ತಾಗಕ್ಕೆ ಬುಡ್ಲಿಲ್ಲ" ಎಂದರು. ನಾನು ತಲೆ ಬಗ್ಗಿಸಿಕೊಂಡು ಕೇಳಿದೆ. ಹೆಮ್ಮೆಯಾಯಿತು. ಆರು ವರ್ಷಕ್ಕೆ ಆ ಊರು ನನ್ನನ್ನು ತನ್ನವಳು ಎಂದಿತ್ತು. ಹಾಸಿಗೆ ತೆಗೆದು ಕೋಣೆ ಸಾರಿಸಿದೆ, ಉಗುರಿನ ಗೀರೂ ಮುಚ್ಚಿಹೋಯಿತು. ಬೆಳಕಿಂಡಿಯ ಉಣ್ಣೆಯನ್ನು ಹಾಗೇ ಬಿಟ್ಟೆ, ಹಿಂಜುವಾಗ ಗಾಳಿ ಬರಬಾರದಲ್ಲ.

ಯುದ್ಧ ಮುಗಿದ ಮೇಲೆ ಯಜಮಾನರಿಗೆ ಕೆಮ್ಮು ಶುರುವಾಯಿತು. ಬಾವಿಯ ದಾರಿಯಲ್ಲಿ ಅವರೂ ನಿಂತು ಯಾರೊಂದಿಗೋ ಮಾತಾಡುವುದನ್ನು ಒಂದು ದಿನ ಕಂಡೆ. ಯಾರನ್ನೂ ಕೇಳದೆ ಮಧುಗಿರಿಗೆ ಹೊರಡಿಸಿದೆ. ಈ ಸಲ ಗಂಡಸರ ಕೋಣೆ, ಆದರೆ ಡಾಕ್ಟರು ಅವರೇ. ಕಾಲು ಒತ್ತಿದರು, ರೆಪ್ಪೆ ಎಳೆದರು, ಬೆನ್ನು ತಟ್ಟಿದರು. ಪೆನ್ನು ತೆಗೆದುಕೊಂಡು ಅದೇ ಪ್ರಶ್ನೆ ಕೇಳಿದರು.

ಯಜಮಾನರು ಬಾಯಿ ತೆರೆಯುವ ಮೊದಲು ನಾನು ಎಲ್ಲವನ್ನೂ ಹೇಳಿಬಿಟ್ಟೆ. ಬಿಲ್ಲು, ಮುಚ್ಚಿದ ಕದ, ಬೆಳಕಿಂಡಿಗೆ ತುರುಕಿದ ಉಣ್ಣೆ, ಕರಿಯ ಉಗುಳು. ಇವರ ತಾಯಿ ಇಪ್ಪತ್ತು ವರ್ಷದ ಮೇಲೆ ಅದನ್ನೇ ಮಾಡಿ ಉಬ್ಬಸದಿಂದ ಹೋದರು ಎಂದೂ ಹೇಳಿದೆ. ಡಾಕ್ಟರು ತಲೆಯೆತ್ತಿ ನನ್ನ ಮುಖವನ್ನೇ ನೋಡಿದರು. ಗುರುತು ಸಿಕ್ಕಿತು.

"ಗೂರಲು ಅಂತ ಔಷಧಿ ಬರೆದುಕೊಟ್ಟಿದ್ದೆ, ಆ ಅಜ್ಜಿಯೇನಮ್ಮ?" ಎಂದರು. "ಅವತ್ತು ಕೇಳಿದ್ದೆನಲ್ಲ ನಿನ್ನ."

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿದ್ದರೆ ನಾನೂ ಏನಾದರೂ ಅನ್ನುತ್ತಿದ್ದೆ. ಆಮೇಲೆ ಯಜಮಾನರಿಗೆ, ಬಯಲಲ್ಲಿ ಕೂತು ಹಿಂಜಿ, ಮೂಗಿಗೆ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಆಗುವುದಾದರೆ ಕೆಲಸವನ್ನೇ ಬಿಡಿ ಎಂದರು. ಹೋಗಿರುವ ಎದೆ ವಾಪಸ್ಸು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಬಹುದು ಎಂದರು.

ಬಸ್ಸಿಗೆ ಕಾಯುತ್ತಾ ಕೂತಿದ್ದೆವು. ಎದುರಿಗೆ ಮಧುಗಿರಿಯ ಬಂಡೆ ಬಿಸಿಲಿಗೆ ಕಾದಿತ್ತು. ಯಜಮಾನರು ಅದನ್ನೇ ನೋಡುತ್ತಿದ್ದರು.

"ಅವತ್ತು ಅವ್ವ ಪಕ್ಕದಾಗೇ ಇತ್ತಲ್ಲ" ಎಂದರು. "ಅವ್ವ ಏನೂ ಅನ್ನಲಿಲ್ವಾ?"

ಇಲ್ಲ ಎಂದುಬಿಡಬಹುದಿತ್ತು. ಸತ್ತವರು ಬಂದು ಹೇಳುವುದಿಲ್ಲ. ಆದರೆ ಆ ಕೋಣೆಯಲ್ಲಿ ಹೇಳಿದ ಒಂದು ಸುಳ್ಳೇ ನನಗೆ ಸಾಕಾಗಿತ್ತು.

"ಕೈ ಎತ್ತಿದ್ರು" ಎಂದೆ. "ಬಿಲ್ಲು ಮೀಟ್ದಂಗೆ ಮಾಡಿ ತೋರ್ಸಿದ್ರು. ನಾನೇ ಹಿಡ್ದು ಕೆಳಗಿಳಿಸ್ದೆ."

ಬಸ್ಸು ಬಂತು, ಅವರು ಎದ್ದು ಮುಂದೆ ನಡೆದರು. ಮನೆಗೆ ಬಂದವರೇ ಪೇಟ ಕೂಡ ಬಿಚ್ಚದೆ ಕೋಣೆಗೆ ಹೋಗಿ, ಒರಳಿನ ಮೇಲೆ ನಿಂತು ಬೆಳಕಿಂಡಿಯ ಉಣ್ಣೆಯನ್ನು ಕಿತ್ತು ಹಾಕಿದರು. ಬಿಲ್ಲನ್ನು ಹೊರಗೆ ತಂದು ಕುರಿ ದೊಡ್ಡಿಯ ಪಕ್ಕ, ಆ ಚಪ್ಪಡಿ ಕಲ್ಲಿನ ಹತ್ತಿರದ ಹುಣಸೆ ಮರಕ್ಕೆ ಕಟ್ಟಿದರು. ಉಣ್ಣೆ ಹಾರಿಹೋಗುತ್ತದೆಂದು ಊರು ನಕ್ಕಿತು, ಅರ್ಧಕ್ಕರ್ಧ ಹಾರಿಯೂ ಹೋಯಿತು. ಎರಡು ವರ್ಷದ ಮೇಲೆ ಮಗ್ಗವನ್ನೂ ತೆಗೆದು ಕುರಿ ಕಾಯಲು ನಿಂತರು.

ಆಮೇಲೆ ಹನ್ನೆರಡು ವರ್ಷ ಬದುಕಿದ್ದರು. ಒಂದು ದಿನವೂ ನನ್ನನ್ನು ಆ ವಿಷಯಕ್ಕೆ ಅನ್ನಲಿಲ್ಲ, ಒಂದು ಗಟ್ಟಿ ಮಾತಿಲ್ಲ, ಊಟದಲ್ಲಿ ಮುನಿಸಿಲ್ಲ. ಚಳಿಗಾಲದಲ್ಲಿ ಉಬ್ಬಸ ಹೆಚ್ಚಾದಾಗ ಮಾತ್ರ, ನಾನು ಪಕ್ಕದಲ್ಲಿ ಕೂತು ಅವರ ಕೈ ಹಿಡಿದುಕೊಳ್ಳಲು ಹೋದರೆ, ಮೆಲ್ಲಗೆ ಬಿಡಿಸಿಕೊಂಡು ಕಂಬಳಿಯೊಳಗೆ ಇಟ್ಟುಕೊಳ್ಳುತ್ತಿದ್ದರು.